ಸೀಸೆ ಮೇಲೆ ಯಾರ ಹೆಸರು?

ತುರುವೇಕೆರೆ ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಜಗಳ ನಡೆಯಿತು. ಜಮೀನಿನ ಜಗಳ ಅಲ್ಲ, ಓಟಿನ ಜಗಳ ಅಲ್ಲ. ಎಣ್ಣೆ ಸೀಸೆಯ ಮೇಲೆ ಅಂಟಿಸುವ ಒಂದು ಚೀಟಿಯ ಜಗಳ.

ಆ ಹಟ್ಟಿಯ ಹನ್ನೊಂದು ಜನ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡಿದ್ದಾರೆ. ಊರವರ ಅಟ್ಟದಿಂದ ಇಳಿದ ಕಾಯಿಯ ಚಿಪ್ಪು ಒಡೆದು ಕೊಬ್ಬರಿ ಬಿಡಿಸುವವರು, ಆರಿಸಿ ಚೀಲಕ್ಕೆ ತುಂಬುವವರು ಇವರೇ. ಇವರ ಗಂಡಂದಿರು, ಅಣ್ಣತಮ್ಮಂದಿರು ಸಾವಿರಕ್ಕೆ ಇಷ್ಟು ಅಂತ ಮಟ್ಟೆ ಸುಲಿಯುವವರು. ಉಂಡೆಯಾಗಿ ಬಾರದೆ ಹೋಳಾದ, ಚೂರಾದ ಕೊಬ್ಬರಿಯನ್ನು ಕಡಿಮೆ ರೇಟಿಗೆ ಕೊಂಡು, ಗಾಣಕ್ಕೆ ಹಾಕಿಸಿ, ಎಣ್ಣೆಯನ್ನು ಸೀಸೆಗೆ ತುಂಬಿ ನಾವೇ ಯಾಕೆ ಮಾರಬಾರದು ಅಂತ ಅವರಿಗೆ ಅನ್ನಿಸಿತು. ಎಣ್ಣೆ ಬಂತು. ಸೀಸೆ ಬಂತು. ಹೆಸರು ಬರಲಿಲ್ಲ.

ತಿಪಟೂರಿನಲ್ಲಿ ಬಿ.ಕಾಂ. ಓದಿ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗ ಒಬ್ಬ ಹೇಳಿದ: 'ಯಾವುದಾದ್ರೂ ದೇವ್ರ ಹೆಸರು ಇಡ್ರಿ. ಇಲ್ಲ ಗೌರಿ, ಗಂಗಾ ಅಂತ ಇಡ್ರಿ. ಹಟ್ಟಿ ಹೆಸರು ಮಾತ್ರ ಬ್ಯಾಡ. ಹೆಸರಲ್ಲಿ ಜಾತಿ ವಾಸನೆ ಬಂದ್ರೆ ಎಣ್ಣೆ ವಾಸನೆ ಯಾರೂ ನೋಡಲ್ಲ.'

ಸಂಘದ ಹಿರಿಯಕ್ಕ ಸುಮ್ಮನಿರಲಿಲ್ಲ. 'ನಮ್ಮ ಕೈಲಿ ಒಡೆಸ್ಕಂಡ ಕೊಬ್ಬರಿನ ದೇವ್ರ ಮುಂದೆ ಇಕ್ತಾರೆ, ಮದುವೆ ಮನೇಲಿ ಮಡಿಲಿಗೆ ತುಂಬ್ತಾರೆ. ನಮ್ಮ ಕೈಲಿ ತುಂಬಿದ ಎಣ್ಣೆ ತಲೆಗೆ ಹಚ್ಕಳಕ್ಕೆ ಆಗಕಿಲ್ವಾ?'

ನನ್ನನ್ನು ಕರೆದದ್ದು ಚೀಟಿಯಲ್ಲಿ ಕಾಗುಣಿತ ತಪ್ಪಾಗದಿರಲಿ ಅಂತ. ಓದಿದವನು ಅನ್ನುವ ಒಂದೇ ಕಾರಣಕ್ಕೆ. ಆದರೆ ಆ ಎರಡು ಮಾತುಗಳ ನಡುವೆ ಸಿಕ್ಕಿಕೊಂಡ ಮೇಲೆ ಕಾಗುಣಿತ ನನಗೆ ಮರೆತುಹೋಯಿತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರದೂ ಅನುಭವದ ಮಾತೇ. ಹಾಗಾದರೆ ವಸ್ತುವಿನ ಮೇಲೆ ಬರೆಯುವ ಹೆಸರು ಅಂದರೆ ಏನು? ಅದು ಯಾರಿಗೆ ಸೇರಿದ್ದು? ಅದನ್ನು ಬರೆಯುವುದು ಧೈರ್ಯವೋ, ಅಳಿಸುವುದು ಬುದ್ಧಿವಂತಿಕೆಯೋ?

*

ಬ್ರಾಂಡ್ ಎಂಬ ಇಂಗ್ಲಿಷ್ ಮಾತಿನ ಹಳೆಯ ಅರ್ಥ ಉರಿಯುವ ಕೊಳ್ಳಿ. ಆಮೇಲೆ ಅದು ಕಾದ ಕಬ್ಬಿಣದ ಗುರುತಾಯಿತು, ಆಮೇಲೆ ಸರಕಿನ ಹೆಸರಾಯಿತು. ಇದನ್ನು ತಿಳಿಯಲು ಅಮೆರಿಕದ ದನಗಾಹಿಗಳ ಸಿನಿಮಾ ನೋಡಬೇಕಾಗಿಲ್ಲ. ನಮ್ಮ ಸೀಮೆ ಅಮೃತ್ ಮಹಲ್ ಕಾವಲುಗಳ ಸೀಮೆ. ತಿಪಟೂರು ಪಕ್ಕದ ಕೊನೇಹಳ್ಳಿಯಲ್ಲಿ ಸರ್ಕಾರದ ಜಾನುವಾರು ಸಂವರ್ಧನಾ ಕೇಂದ್ರ ಇರುವುದು ಈ ಕಡೆಯವರಿಗೆಲ್ಲ ಗೊತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 1673ರಿಂದ 1704ರವರೆಗೆ, ಅರಮನೆಯ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಅಂತ ಹೆಸರಿತ್ತು. ಆ ರಾಸುಗಳಿಗೆ ದೊರೆಯ ಹೆಸರಿನ 'ದೇ' ಎಂಬ ಮುದ್ರೆ ಇತ್ತೆಂದು ಹಳೆಯ ಮೈಸೂರು ಗೆಜೆಟಿಯರುಗಳು ಹೇಳುತ್ತವೆ. ಅದಕ್ಕೆ ಅಮೃತ್ ಮಹಲ್ ಅಂತ ಹೆಸರಿಟ್ಟವನು ಟಿಪ್ಪು.

ಮುದ್ರೆ ಹಾಕಿಸಿಕೊಂಡ ಹಸುವಿಗೆ ತನ್ನ ಮೈಮೇಲೆ ಏನು ಬರೆದಿದೆ ಅಂತ ಗೊತ್ತಿಲ್ಲ. ಅದು ಓದುವುದು ಹಸುವಿಗಲ್ಲ, ಹಸುವನ್ನು ಕದಿಯುವವನಿಗೆ. ಮುದ್ರೆ ಹೇಳುವುದು ಒಂದೇ ಮಾತು: 'ಇದು ಇಂಥವರ ಸ್ವತ್ತು.' ಯಾರು ಮೇಯಿಸಿದರು, ಯಾರು ಕರೆದರು, ಯಾರು ಸಗಣಿ ಬಾಚಿದರು, ಅದರಲ್ಲಿ ಇಲ್ಲ.

ಈ ಕಬ್ಬಿಣ ದನದ ಮೈಗೇ ನಿಲ್ಲಲಿಲ್ಲ. ದೇವರಿಗೆ ಬಸವಿ ಬಿಟ್ಟ ಹೆಣ್ಣುಮಕ್ಕಳಿಗೆ ಶಂಖ ಚಕ್ರದ ಮುದ್ರೆ ಒತ್ತುತ್ತಿದ್ದುದನ್ನು ಥರ್ಸ್ಟನ್ ಎಂಬ ಇಂಗ್ಲಿಷಿನವನು 1909ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ದೇವರ ಹೆಸರು, ಊರ ಗೌಡರ ಸುಖ, ಹೊಲಗೇರಿಯ ಹೆಣ್ಣಿನ ತೋಳು. ಅದನ್ನು ನಿಲ್ಲಿಸಲು ಕರ್ನಾಟಕ ಕಾನೂನು ಮಾಡಿದ್ದು 1982ರಲ್ಲಿ. ಪೇಶ್ವೆಗಳ ಕಾಲದಲ್ಲಿ ಅಸ್ಪೃಶ್ಯರು ಗುರುತಿಗಾಗಿ ಕೈಗೋ ಕೊರಳಿಗೋ ಕಪ್ಪು ದಾರ ಕಟ್ಟಿಕೊಳ್ಳಬೇಕಾಗಿತ್ತು ಎಂಬುದನ್ನು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ನೆನಪಿಸುತ್ತಾರೆ. ಸವರ್ಣರು ತಪ್ಪಿ ಮುಟ್ಟಿ ಮೈಲಿಗೆ ಆಗಬಾರದಲ್ಲ!

ಪೇಟೆಯ ಸರಕಿಗೆ ಹೆಸರು ಒತ್ತುವ ಕಾನೂನು ಇಂಗ್ಲೆಂಡಿನಲ್ಲಿ 1875ರಲ್ಲಿ ಆಯಿತು, ನಮ್ಮ ದೇಶದಲ್ಲಿ 1940ರಲ್ಲಿ. ಆದರೆ ಮನುಷ್ಯರ ಮೇಲೆ ಹೆಸರು ಒತ್ತುವ ವಿದ್ಯೆಯಲ್ಲಿ ನಾವು ಜಗತ್ತಿಗಿಂತ ಸಾವಿರಾರು ವರ್ಷ ಮುಂದಿದ್ದೆವು. ಜಾತಿ ಅಂದರೆ ಹುಟ್ಟುವ ಮೊದಲೇ ಅಂಟಿಸಿದ ಚೀಟಿ. ಒಳಗಿನ ಸರಕನ್ನು ಬಿಚ್ಚಿ ನೋಡುವ ಅಗತ್ಯವೇ ಇಲ್ಲ, ಚೀಟಿ ಓದಿದರೆ ಸಾಕು. ಒಬ್ಬನಿಗೆ ಅದು ಆಸ್ತಿ, ಇನ್ನೊಬ್ಬನಿಗೆ ಬರೆ.

ಇದು ಹಳೇ ಮಾತು ಅನ್ನುವವರು ನಮ್ಮ ಬೀದಿಗಳ ಬೋರ್ಡು ಓದಲಿ. ಅಯ್ಯಂಗಾರ್ ಬೇಕರಿ ಇಲ್ಲದ ಊರು ಕರ್ನಾಟಕದಲ್ಲಿ ಸಿಕ್ಕುವುದು ಕಷ್ಟ. ಬೆಂಗಳೂರಿನಲ್ಲಿ ಬ್ರಾಹ್ಮಿನ್ಸ್ ಕಾಫಿ ಬಾರ್ ಇದೆ. ಅಲ್ಲಿನ ಇಡ್ಲಿ ಚೆನ್ನಾಗಿರಬಹುದು, ನನಗೆ ಇಡ್ಲಿಯ ಮೇಲೆ ಸಿಟ್ಟಿಲ್ಲ. ಅಯ್ಯಂಗಾರರಲ್ಲದವರೂ ಅದೇ ಬೋರ್ಡು ಹಾಕಿಕೊಂಡು ಬ್ರೆಡ್ಡು ಮಾರುತ್ತಾರೆ, ಯಾಕೆಂದರೆ ಆ ಜಾತಿಯ ಹೆಸರಿಗೇ ವ್ಯಾಪಾರ. ಈಗ ನಮ್ಮ ಜಾತಿಯ ಹೆಸರನ್ನು ಅದೇ ಬೋರ್ಡಿನ ಮೇಲೆ ಬರೆದು ಅದೇ ಬ್ರೆಡ್ಡು ಇಡಿ. ಎಷ್ಟು ಮಾರಾಟವಾಗುತ್ತದೆ ಅಂತ ಹೇಳಲು ಯಾವ ಅರ್ಥಶಾಸ್ತ್ರಜ್ಞನೂ ಬೇಕಾಗಿಲ್ಲ.

*

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ಕಂಪನಿಯ ಹೆಸರು ಹೊತ್ತ ಪೊಟ್ಟಣ ನಮ್ಮವರಿಗೆ ಒಂದು ಉಪಕಾರವನ್ನೂ ಮಾಡಿತು. ಅದನ್ನು ಒಪ್ಪಿಕೊಳ್ಳಬೇಕು.

ಬಿಡಿ ಸಾಮಾನಿನ ಕಾಲ ಹೇಗಿತ್ತು ಅಂತ ನಮ್ಮ ಅಜ್ಜಿಯರನ್ನು ಕೇಳಿ. ಅಂಗಡಿ ಕಟ್ಟೆಯಿಂದ ದೂರ ನಿಲ್ಲಬೇಕು. ಕಾಸು ನೆಲದ ಮೇಲೆ ಇಡಬೇಕು. ಅಂಗಡಿಯವನು ಎಣ್ಣೆಯನ್ನು ಮೇಲಿಂದ ಹುಯ್ಯುತ್ತಾನೆ, ಉಪ್ಪನ್ನು ಸೆರಗಿಗೆ ಎಸೆಯುತ್ತಾನೆ. ಅಳತೆ ಅವನದು, ಬೆಲೆ ಅವನದು, ಬೈಗುಳವೂ ಅವನದೇ. ಪೊಟ್ಟಣ ಬಂತು. ಅದರ ಮೇಲೆ ತೂಕ, ಬೆಲೆ ಅಚ್ಚಾಗಿರಬೇಕು ಅಂತ 1977ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. 1983ರಲ್ಲಿ ತಮಿಳುನಾಡಿನ ಕಡೆಯಿಂದ ಚಿಕ್ ಶಾಂಪೂ ಸಣ್ಣ ಪೊಟ್ಟಣದಲ್ಲಿ ಬಂದ ಮೇಲೆ ಗೌಡತಿಯ ತಲೆಗೂ ಕೂಲಿಯವಳ ತಲೆಗೂ ಒಂದೇ ನೊರೆ. ಪೊಟ್ಟಣಕ್ಕೆ ಕಣ್ಣಿಲ್ಲ, ಅದು ಕೊಳ್ಳುವವನ ಕೇರಿ ಯಾವುದು ಅಂತ ಕೇಳುವುದಿಲ್ಲ.

ಅದಕ್ಕೇ ನಮ್ಮ ಹುಡುಗರು ಕಂಪನಿ ಶೂ, ಕಂಪನಿ ಶರಟು ಅಂತ ಸಾಯುವುದನ್ನು ನೋಡಿ ಮೇಲ್ಜಾತಿಯ ವಿಚಾರವಂತರು 'ಕೊಳ್ಳುಬಾಕತನ' ಅಂತ ಮೂಗು ಮುರಿದರೆ ನನಗೆ ನಗು ಬರುತ್ತದೆ. ಖಾದಿಯ ಸರಳತೆ ಆರಿಸಿಕೊಂಡವರಿಗೆ ಶೋಭೆ. ಮೂರು ತಲೆಮಾರು ಬೇರೆಯವರ ಹಳೇ ಬಟ್ಟೆ ಉಟ್ಟವನಿಗೆ ಸರಳತೆಯ ಪಾಠ ಯಾಕೆ? 1927ರಲ್ಲಿ ಮಹಾಡ್‌ನಲ್ಲಿ ಅಂಬೇಡ್ಕರ್ ನಮ್ಮ ಹೆಣ್ಣುಮಕ್ಕಳಿಗೆ ಹೇಳಿದ್ದು ಏನು? ನೀವು ಸೀರೆ ಉಡುವ ರೀತಿ, ಹಾಕುವ ಒಡವೆ, ಇವೇ ನಿಮ್ಮನ್ನು ಅಸ್ಪೃಶ್ಯರೆಂದು ತೋರಿಸುವ ಗುರುತು. ಆ ಗುರುತನ್ನು ಕಿತ್ತೆಸೆಯಿರಿ. ಅದು ಫ್ಯಾಷನ್ನಿನ ಮಾತಲ್ಲ, ಮುದ್ರೆ ಅಳಿಸುವ ಮಾತು. ಇದಾಗಿ ತೊಂಬತ್ತಾರು ವರ್ಷಕ್ಕೆ, 2023ರಲ್ಲಿ, ಗುಜರಾತಿನ ಬನಾಸ್‌ಕಾಂಠಾ ಜಿಲ್ಲೆಯಲ್ಲಿ ಒಳ್ಳೇ ಬಟ್ಟೆ ಹಾಕಿ ಕಪ್ಪು ಕನ್ನಡಕ ಇಟ್ಟುಕೊಂಡ ಅಂತ ಒಬ್ಬ ದಲಿತ ಯುವಕನನ್ನು ಹೊಡೆದರು. ಕನ್ನಡಕದ ಕಂಪನಿ ಯಾವುದಾದರೇನು, ಹೊಡೆದವರ ಕಣ್ಣಿಗೆ ಕಂಡದ್ದು ಕಳಚಿಹೋದ ಕಪ್ಪು ದಾರ.

ಆದರೆ ಗೆಳೆಯರೆ, ಪೊಟ್ಟಣ ಮಾಡಿದ ಉಪಕಾರ ಕೊಳ್ಳುವವನಿಗೆ ಮಾತ್ರ. ಕೊಳ್ಳುವ ಕೈಯ ಜಾತಿಯನ್ನು ಅದು ಕೇಳಲಿಲ್ಲ, ನಿಜ. ಮಾಡುವ ಕೈಯನ್ನು ಏನು ಮಾಡಿತು?

'ಕೈ ಮುಟ್ಟದೆ ತಯಾರಿಸಿದ್ದು.' ಎಷ್ಟು ಪೊಟ್ಟಣಗಳ ಮೇಲೆ, ಎಷ್ಟು ಜಾಹೀರಾತುಗಳಲ್ಲಿ ಈ ಮಾತು ಓದಿದ್ದೇವೆ! ಸ್ವಚ್ಛತೆಯ ಮಾತು ಅಂತ ಸುಮ್ಮನಾಗಬಹುದು. ಆದರೆ ಈ ದೇಶದಲ್ಲಿ ಮುಟ್ಟುವುದು ಬರೀ ಮುಟ್ಟುವುದಲ್ಲ. 2020ರ ಮೇ ತಿಂಗಳಲ್ಲಿ ಕೊರೋನಾ ಕಾಲದಲ್ಲಿ ಕೆಂಟ್ ಕಂಪನಿ ಹಿಟ್ಟು ನಾದುವ ಯಂತ್ರಕ್ಕೆ ಜಾಹೀರಾತು ಕೊಟ್ಟಿತು: ಮನೆಗೆಲಸದವಳ ಕೈಯಲ್ಲಿ ರೋಗ ಇರಬಹುದು, ಅವಳ ಕೈಲಿ ಹಿಟ್ಟು ನಾದಿಸುತ್ತೀರಾ ಅಂತ ಅದರ ಅರ್ಥ. ಜನ ಉಗಿದ ಮೇಲೆ ಹಿಂದಕ್ಕೆ ತೆಗೆದುಕೊಂಡು ಕ್ಷಮೆ ಕೇಳಿತು. 2024ರ ಮಾರ್ಚಿನಲ್ಲಿ ಜೊಮ್ಯಾಟೊ ಶುದ್ಧ ಸಸ್ಯಾಹಾರಿಗಳಿಗೆ ಊಟ ತರುವವರಿಗೇ ಬೇರೆ, ಹಸಿರು ಅಂಗಿ ಅಂತ ಸಾರಿತು. ಗದ್ದಲ ಆದ ಮೇಲೆ ಬೇರೆ ಅಂಗಿಯನ್ನು ಕೈಬಿಟ್ಟಿತು. ಕಂಪನಿಗಳು ಜಾತಿಯನ್ನು ಹುಟ್ಟಿಸಲಿಲ್ಲ. ಅವು ನಮ್ಮ ಮನಸ್ಸಿನ ಮಡಿಯನ್ನು ಮೂಸಿ ನೋಡಿ ಅದಕ್ಕೆ ಬೆಲೆ ಕಟ್ಟಿದವು, ಅಷ್ಟೆ.

*

ಈಗ ನಮ್ಮ ಕೊಬ್ಬರಿಗೆ ಬರೋಣ. ತಿಪಟೂರು ಕೊಬ್ಬರಿ ಅಂದರೆ ಉಂಡೆ ಕೊಬ್ಬರಿ. ಮಟ್ಟೆ ಸಮೇತ ಕಾಯಿಯನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ವರ್ಷ ಬಿಡಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಆಮೇಲೆ ಮಟ್ಟೆ ಸುಲಿದು, ಉಂಡೆ ಒಡೆಯದ ಹಾಗೆ ಚಿಪ್ಪನ್ನು ಮಾತ್ರ ಒಡೆಯಬೇಕು. ಒಂದು ಏಟು ಜಾಸ್ತಿ ಬಿದ್ದರೆ ಉಂಡೆ ಹೋಳಾಗುತ್ತದೆ, ರೇಟು ಇಳಿಯುತ್ತದೆ. ಆ ಏಟಿನ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಅದು ಒಡೆಯುವವಳ ಮಣಿಕಟ್ಟಿನಲ್ಲಿದೆ.

ಆ ಉಂಡೆ ಮಾರುಕಟ್ಟೆಯ ಯಾರ್ಡಿಗೆ ಹೋಗಿ, ಟೆಂಡರ್ ಆಗಿ, ಲಾರಿ ಹತ್ತಿ ಡೆಲ್ಲಿ, ಗುಜರಾತ್, ರಾಜಸ್ಥಾನದ ಕಡೆ ಹೋಗುತ್ತದೆ. ಅಲ್ಲಿ ಮದುವೆಗೆ, ಪೂಜೆಗೆ, ಸಿಹಿಗೆ ಬೇಕು. ಹೆಸರು ತಿಪಟೂರಿನದು, ನಾಡು ಕಲ್ಪತರು ನಾಡು. 2023ರಲ್ಲಿ ರೇಟು ಬೆಂಬಲ ಬೆಲೆಗಿಂತ ಬಹಳ ಕೆಳಗೆ ಬಿದ್ದಾಗ ರೈತರು ಬೀದಿಗಿಳಿದರು. ನ್ಯಾಯವಾದ ಹೋರಾಟವೇ. 2024ಕ್ಕೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ ಅಂತ ಕೇಂದ್ರ ಸರ್ಕಾರ ಹೇಳಿತು. ಮರ ಇದ್ದವನಿಗೆ ಬೆಂಬಲ ಬೆಲೆ ಉಂಟು. ಮಣಿಕಟ್ಟಿಗೆ ಯಾವ ಬೆಂಬಲ ಬೆಲೆ? ಕಲ್ಪತರುವಿನ ಕೆಳಗೆ ನಿಂತು ಕೇಳಿದ್ದೆಲ್ಲ ಸಿಕ್ಕುತ್ತದಂತೆ. ನಮಗೆ ಸಿಕ್ಕಿದ್ದು ಚಿಪ್ಪು.

ಇದು ಬರೀ ಗಾದೆಯ ಮಾತಲ್ಲ. ಕೈಗೆ ಚಿಪ್ಪು ಕೊಟ್ಟರು ಅಂತ ಊರವರು ತಮಾಷೆಗೆ ಆಡುತ್ತಾರೆ. ನಮ್ಮ ಹಿರಿಯರ ಕೈಗೆ ನಿಜವಾಗಿಯೂ ಚಿಪ್ಪನ್ನೇ ಕೊಟ್ಟರು. ಹಳ್ಳಿ ಹೋಟೆಲಿನ ಹಿಂದೆ ಸಿಕ್ಕಿಸಿಟ್ಟ ತೆಂಗಿನ ಚಿಪ್ಪಿನಲ್ಲಿ ಕಾಫಿ ಹುಯ್ಯಿಸಿಕೊಂಡು, ಕುಡಿದು, ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಿ ಬಂದವರು ಇನ್ನೂ ಬದುಕಿದ್ದಾರೆ. ಚಿಪ್ಪೇ ನಮ್ಮ ಮುದ್ರೆಯಾಗಿತ್ತು. ಈಗ ಅದೇ ಚಿಪ್ಪನ್ನು ಉಜ್ಜಿ, ಎಣ್ಣೆ ಹಚ್ಚಿ, ಪರಿಸರ ಸ್ನೇಹಿ ಬಟ್ಟಲು ಅಂತ ಹೆಸರಿಟ್ಟು ಪಟ್ಟಣದವರಿಗೆ ನೂರಾರು ರೂಪಾಯಿಗೆ ಮಾರುತ್ತಾರೆ. ಚಿಪ್ಪು ಬದಲಾಗಲಿಲ್ಲ. ಹೆಸರು ಬದಲಾಯಿತು, ಹಿಡಿದ ಕೈ ಬದಲಾಯಿತು. ಅವಮಾನ ಅಲಂಕಾರವಾಯಿತು.

ಹೆಸರಿನ ಮೇಲೆ ಸರ್ಕಾರಕ್ಕೂ ಎಷ್ಟು ಮಮತೆ ನೋಡಿ. ಅದೇ ತೆಂಗಿನೆಣ್ಣೆ. ಅಡಿಗೆ ಎಣ್ಣೆ ಅಂದರೆ 5 ಪರ್ಸೆಂಟ್ ಜಿ.ಎಸ್.ಟಿ., ತಲೆ ಎಣ್ಣೆ ಅಂದರೆ 18. ಸಣ್ಣ ಸೀಸೆಯಲ್ಲಿರುವುದು ಅಡಿಗೆಯದೋ ತಲೆಯದೋ ಅಂತ ವರ್ಷಗಟ್ಟಲೆ ವಾದ ನಡೆದು, 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟು, ತಲೆ ಎಣ್ಣೆ ಅಂತ ಬರೆಯದಿದ್ದರೆ ಶುದ್ಧ ತೆಂಗಿನೆಣ್ಣೆ ಅಡಿಗೆ ಎಣ್ಣೆಯೇ ಅಂದಿತು. 2025ರ ಸೆಪ್ಟೆಂಬರಿನಲ್ಲಿ ತಲೆ ಎಣ್ಣೆಗೂ 5 ಪರ್ಸೆಂಟ್ ಆಗಿ ಆ ವ್ಯತ್ಯಾಸ ಹೋಯಿತು. ಚೀಟಿಯ ಮೇಲಿನ ಒಂದು ಪದಕ್ಕೆ ನೂರಕ್ಕೆ ಹದಿಮೂರು ರೂಪಾಯಿ ಬೆಲೆ! ಕಾನೂನಿನ ಪ್ರಕಾರ ಚೀಟಿಯಲ್ಲಿ ತಯಾರಕನ ವಿಳಾಸ, ತೂಕ, ಬೆಲೆ, ತಿಂಗಳು ಎಲ್ಲ ಇರಬೇಕು. ಸುಲಿದವರು ಯಾರು, ಅವರಿಗೆ ಕೊಟ್ಟ ಕೂಲಿ ಎಷ್ಟು, ಇದಕ್ಕೆ ಮಾತ್ರ ಜಾಗ ಇಲ್ಲ.

ಸರಕು ತನ್ನನ್ನು ಮಾಡಿದ ಶ್ರಮವನ್ನು ಮುಚ್ಚಿಟ್ಟು, ತಾನೇ ಹುಟ್ಟಿ ಬಂದ ದೇವರ ಹಾಗೆ ಪೇಟೆಯಲ್ಲಿ ಕೂರುತ್ತದೆ ಎಂಬುದನ್ನು ಮಾರ್ಕ್ಸ್ 1867ರಲ್ಲೇ ತೋರಿಸಿಕೊಟ್ಟ. ಇಲ್ಲಿಯವರೆಗೆ ಸರಿ. ಆದರೆ ಮಾರ್ಕ್ಸ್‌ಗೆ ನಮ್ಮ ಹಟ್ಟಿ ಗೊತ್ತಿರಲಿಲ್ಲ. ಇಲ್ಲಿ ಕೈ ಮರೆಯಾದರೆ ಶೋಷಣೆ. ಕೈ ಕಂಡರೆ ಬಹಿಷ್ಕಾರ. ಹೆಸರಿಲ್ಲದ ಕೊಬ್ಬರಿ ಗರ್ಭಗುಡಿಯವರೆಗೂ ಹೋಗುತ್ತದೆ. ಅದೇ ಕೈಯ ಹೆಸರು ಬರೆದ ಎಣ್ಣೆ ಊರ ಅಂಗಡಿಯ ಮೆಟ್ಟಿಲೂ ಹತ್ತುವುದಿಲ್ಲ. ಮರೆ ನಮಗೆ ಸೆರೆಮನೆಯೂ ಹೌದು, ಮಳೆಗೆ ಸೂರೂ ಹೌದು. ಹಿರಿಯಕ್ಕ ಸೆರೆಮನೆಯ ಮಾತು ಆಡುತ್ತಿದ್ದಳು. ಹುಡುಗ ಸೂರಿನ ಮಾತು ಆಡುತ್ತಿದ್ದ.

*

ಈ ಗಂಟನ್ನು ಬೇರೆಯವರೂ ಬಿಚ್ಚಲು ನೋಡಿದ್ದಾರೆ. 2016ರಲ್ಲಿ ಚಂದ್ರಭಾನ್ ಪ್ರಸಾದ್ ಅವರು ದಲಿತ್ ಫುಡ್ಸ್ ಅಂತಲೇ ಹೆಸರಿಟ್ಟು ಅರಿಸಿನ, ಮೆಣಸಿನಕಾಯಿ ಪುಡಿ, ಉಪ್ಪಿನಕಾಯಿ ಮಾರಾಟಕ್ಕೆ ಇಟ್ಟರು. ಜಾತಿ ಎಲ್ಲಿದೆ ಅನ್ನುವವರ ಊಟದ ತಟ್ಟೆಗೇ ಪ್ರಶ್ನೆ ಬಡಿಸಿದ ಹಾಗೆ. ಇನ್ನೊಂದು ಕಡೆ ಕೊಲ್ಹಾಪುರಿ ಚಪ್ಪಲಿ. ಅದನ್ನು ಹೊಲೆಯುವವರು ನಮ್ಮ ಅಥಣಿ ಕಡೆಯ ಸಮಗಾರರೂ ಹೌದು. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿ ಸಿಕ್ಕಿತು. 2025ರ ಜೂನಿನಲ್ಲಿ ಇಟಲಿಯ ಪ್ರಾದಾ ಕಂಪನಿ ಮಿಲಾನ್ ನಗರದಲ್ಲಿ ಅದೇ ಮಾದರಿಯ ಚಪ್ಪಲಿ ತೋರಿಸಿತು, ಎಲ್ಲಿಯದು ಅಂತ ಹೇಳಲಿಲ್ಲ. ಗದ್ದಲ ಆದ ಮೇಲೆ ಒಪ್ಪಿಕೊಂಡಿತು. ಆಗ ದೇಶವೆಲ್ಲ 'ನಮ್ಮ ಪರಂಪರೆ ಕದ್ದರು' ಅಂತ ಕೂಗಿತು. ಕೂಗಲಿ. ಆದರೆ ಚಪ್ಪಲಿ ಪರಂಪರೆಯಾದ ದಿನ ಚಪ್ಪಲಿ ಹೊಲೆದವನು ಯಾಕೆ ಪರಂಪರೆಯೊಳಗೆ ಬರಲಿಲ್ಲ? ಅವನ ಚರ್ಮದ ಕೆಲಸ ಕಲೆ, ಅವನು ಮಾತ್ರ ಮೈಲಿಗೆ. ಈ ಕಳ್ಳತನ ಮಿಲಾನಿಗಿಂತ ಬಹಳ ಹಳೆಯದು.

ನನಗೆ ದಾರಿ ತೋರಿಸಿದವನು ಮಾದಾರ ಚೆನ್ನಯ್ಯ. ವಚನಕಾರರು ತಮ್ಮ ಮಾತಿನ ಕೊನೆಗೆ ಅಂಕಿತ ಇಡುತ್ತಿದ್ದರು, ಬಹುಪಾಲು ಇಷ್ಟದೈವದ ಹೆಸರು. ಚೆನ್ನಯ್ಯನ ಅಂಕಿತದೊಳಗೆ ಉಳಿ ಇದೆ, ಕತ್ತಿ ಇದೆ, ಚರ್ಮ ಕೊಯ್ಯುವ ಅಡಿಗುಂಟ ಇದೆ. ತನ್ನ ಕಸುಬಿನ ಹತಾರಗಳನ್ನೇ ಅವನು ಹೆಸರಿನ ಜಾಗದಲ್ಲಿ ಇಟ್ಟ. ಮುದ್ರೆಗೂ ಅಂಕಿತಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಮುದ್ರೆಯನ್ನು ಒಡೆಯ ಇನ್ನೊಬ್ಬರ ಮೈಮೇಲೆ ಒತ್ತುತ್ತಾನೆ: 'ಇದು ನನ್ನದು.' ಅಂಕಿತವನ್ನು ಮಾಡಿದವನು ತನ್ನ ಕೆಲಸದ ಕೆಳಗೆ ಇಡುತ್ತಾನೆ: 'ಇದಕ್ಕೆ ನಾನು ಜವಾಬು.' ಹರಿಜನ ಅಂತ ನಮಗೆ ಹೆಸರು ಒತ್ತಿದರು, ಅದು ಮುದ್ರೆ, ಒತ್ತಿದವರು ಎಷ್ಟೇ ದೊಡ್ಡವರಾಗಿರಲಿ. ದಲಿತ ಅಂತ ನಾವು ಕರೆದುಕೊಂಡೆವು, ಅದು ಅಂಕಿತ. 1973ರಲ್ಲಿ ಬಸವಲಿಂಗಪ್ಪನವರ ಒಂದೇ ಮಾತಿಗೆ ಊರೂರು ಹತ್ತಿ ಉರಿದು ನಮ್ಮವರಿಗೆ ಏಟು ಬಿದ್ದವು. ಆ ಬೂಸಾ ಎಂಬ ಮಾತನ್ನೇ ನಮ್ಮ ಚಳವಳಿ ತನ್ನ ಹುಟ್ಟಿನ ಗುರುತಾಗಿ ಇಟ್ಟುಕೊಂಡಿತು.

ಇಷ್ಟನ್ನು ಹಟ್ಟಿಯಲ್ಲಿ ನನ್ನ ಮಾತಿನಲ್ಲಿ ಹೇಳಿದೆ. ಚೀಟಿ ಅಚ್ಚಾಯಿತು. ದೊಡ್ಡದಾಗಿ ತೆಂಗಿನೆಣ್ಣೆ ಅಂತ. ಅದರ ಕೆಳಗೆ ಸಂಘದ ಹೆಸರು, ಹಟ್ಟಿಯ ಹೆಸರು. ಇನ್ನೂ ಕೆಳಗೆ ಒಂದು ಸಾಲು, ಒಂದು ಸೀಸೆಗೆ ಸುಲಿದವರಿಗೂ ಒಡೆದವರಿಗೂ ಹೋದ ಕೂಲಿ ಎಷ್ಟು ಅಂತ.

ಪೇಟೆಯ ಒಬ್ಬ ಅಂಗಡಿಯವರು ಎಣ್ಣೆ ಅಂಗೈಗೆ ಹಾಕಿಕೊಂಡು ಮೂಸಿ ನೋಡಿದರು. ಒಳ್ಳೆಯ ಮನುಷ್ಯರೇ. ಬೈಯಲಿಲ್ಲ, ಕೂರಿಸಿ ಮಾತಾಡಿಸಿದರು. 'ಎಣ್ಣೆ ಚೆನ್ನಾಗೈತೆ ಕಣಮ್ಮ. ಚೀಟಿ ಕಿತ್ತಾಕಿ ಕೊಡ್ರಿ, ಎಷ್ಟಿದ್ರೂ ತಗತೀನಿ' ಅಂದರು.

ಸಾಲದ ಕಂತು ಆ ವಾರವೇ ಕಟ್ಟಬೇಕಾಗಿತ್ತು. ಹೆಣ್ಣುಮಕ್ಕಳು ರಾತ್ರಿ ಕೂತು ಇಪ್ಪತ್ತು ಸೀಸೆಗಳ ಚೀಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಕೆರೆದರು. ಹಿರಿಯಕ್ಕನೂ ಕೆರೆದಳು. ಅದನ್ನು ಸೋಲು ಅನ್ನುವ ಅಧಿಕಾರ ನನಗಿಲ್ಲ, ಆ ಕಂತು ನಾನು ಕಟ್ಟುವುದಿಲ್ಲ. ಉಳಿದ ಸೀಸೆಗಳನ್ನು ಅವಳು ಕೆರೆಯಗೊಡಲಿಲ್ಲ. ಏಪ್ರಿಲ್ 14ರಂದು ಬಾಬಾಸಾಹೇಬರ ಜಯಂತಿಯ ದಿನ ಚೀಟಿ ಸಮೇತ ಇಟ್ಟು ಮಾರಿದರು. ಎಲ್ಲ ಖರ್ಚಾದವು. ಕೊಂಡವರೆಲ್ಲ ನಮ್ಮವರೇ. ಸಂತೋಷ ಪಡಬೇಕಾದ ವಿಷಯ, ಆದರೆ ಅಲ್ಲಿಗೇ ನಿಲ್ಲುವ ಸಂತೋಷ ಅಲ್ಲ. ನಮ್ಮ ಎಣ್ಣೆ ನಮ್ಮ ತಲೆಗೇ ಅಂದರೆ ಅದೂ ಒಂದು ಬೇರೆ ಲೋಟವೇ.

ಆದ್ದರಿಂದ ಪ್ರಶ್ನೆ ಇನ್ನು ಮುಂದೆ ಸೀಸೆ ತುಂಬುವವರದಲ್ಲ. ಅವರು ತಮ್ಮ ಕೈಯ ಹೆಸರು ಬರೆದಾಗಿದೆ. ಪ್ರಶ್ನೆ ಸೀಸೆ ಕೊಳ್ಳುವವರದು, ಅಂದರೆ ನಿಮ್ಮದು, ನನ್ನದು. ಅಂಗಡಿಯವರು ಕಿತ್ತಾಕಿ ಅಂದದ್ದು ತಮಗೆ ಬೇಕಾಗಿ ಅಲ್ಲ. ಗಿರಾಕಿಯ ಮುಖ ನೆನೆಸಿಕೊಂಡು. ಆ ಗಿರಾಕಿಯ ಮುಖ ಯಾರದು ಅಂತ ಪ್ರತಿಯೊಬ್ಬರೂ ಮನೆಗೆ ಹೋಗಿ ಕನ್ನಡಿ ನೋಡಿಕೊಳ್ಳಬೇಕು. ಜಾತಿ ಇಲ್ಲ ಅಂತ ಸಭೆಯಲ್ಲಿ ಹೇಳುವುದು ಸುಲಭ. ಹಟ್ಟಿಯ ಹೆಸರು ಓದಿ, ಓದಿದ ಮೇಲೂ ಆ ಎಣ್ಣೆಯನ್ನು ಮಗುವಿನ ನೆತ್ತಿಗೆ ಇಡುವ ತಾಯಿ ಬೇಕು.

ಆಚೆ ವರ್ಷದ ಕಾಯಿ ಈಗ ಅಟ್ಟದ ಮೇಲಿದೆ. ಸಂಘದವರು ಚೀಟಿಯನ್ನು ಮತ್ತೆ ಅಚ್ಚಿಗೆ ಕೊಟ್ಟಿದ್ದಾರೆ. ಒಂದು ಅಕ್ಷರವನ್ನೂ ಬದಲಾಯಿಸಿಲ್ಲ. ಹುಡುಗ ಮಾತ್ರ ಈ ಸಲ ಬೇರೆ ಅಂಟು ತಂದುಕೊಟ್ಟಿದ್ದಾನೆ, ಬಿಸಿನೀರಿಗೆ ಬಿಡದ ಅಂಟು.